ಹೆಸರಿಲ್ಲದ ಗುಳಿಗಿ ಹಿಡಿದು ಜಪಾನಿಗೆ

ನಗೋಯಾ, ಇಳಿದ ಕೂಡಲೇ

ಜಪಾನಿನಲ್ಲಿ ಇಳಿದು ಅರ್ಧ ತಾಸೂ ಆಗಿರಲಿಲ್ಲ, ನನ್ನನ್ನು ಸಾಲಿನಿಂದ ಪಕ್ಕಕ್ಕೆ ಕರೆದು ನಿಲ್ಲಿಸಿದರು. ಪಾಸ್‌ಪೋರ್ಟಿನ ತಕರಾರಲ್ಲ, ವೀಸಾದ್ದೂ ಅಲ್ಲ. ಧಾರವಾಡದ ಕೆಲಗೇರಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟಿರುವ ಬಸಣ್ಣ ಕಟ್ಟಿಕೊಟ್ಟ ಒಂದು ಸಣ್ಣ ಕಾಗದದ ಕವರು.

ಬಸಣ್ಣ ಗುಳಿಗೆ ಕೊಡುವ ರೀತಿ ನಿಮಗೆಲ್ಲ ಗೊತ್ತೇ ಇದೆ. ಡಬ್ಬಿಯಿಂದ ಪಟ್ಟಿ ಎಳೆಯುತ್ತಾನೆ, ಕತ್ತರಿಯಿಂದ ಬೇಕಾದಷ್ಟು ಕತ್ತರಿಸುತ್ತಾನೆ, ಕವರಿಗೆ ಹಾಕಿ ಮೇಲೆ ಪೆನ್ನಿನಿಂದ ಗೆರೆ ಎಳೆಯುತ್ತಾನೆ. ಒಂದು ಗೆರೆ ಎಂದರೆ ದಿನಕ್ಕೊಂದು, ಎರಡು ಎಂದರೆ ಎರಡು. ಹೆಸರು ಅಚ್ಚಾದ ತುದಿ ಯಾವಾಗಲೂ ಅವನ ಹತ್ತಿರವೇ ಉಳಿಯುತ್ತದೆ. ನಾವೂ ಕೇಳುವುದಿಲ್ಲ. ಸೀನಿಗೆ ಬಿಳಿಯದು, ಹೊಟ್ಟೆಗೆ ಗುಲಾಬಿ, ಅಷ್ಟೇ ನಮ್ಮ ವೈದ್ಯಶಾಸ್ತ್ರ.

ಕೈಗವಸು ಹಾಕಿದ್ದ ಕಸ್ಟಮ್ಸ್ ಹುಡುಗ ಬಿಳಿ ಗುಳಿಗೆಯ ಪಟ್ಟಿಯ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಹಿಂಬದಿಯಲ್ಲಿ ಎರಡೂವರೆ ಅಕ್ಷರ ಉಳಿದಿದ್ದವು.

ಇದೇನು ಎಂದು ಕೇಳಿದ. ಮೂಗಿನ ಔಷಧಿ ಎಂದೆ. ಹೆಸರೇನು ಎಂದ. ಹತ್ತನೇ ತರಗತಿಯಿಂದ ನುಂಗುತ್ತಿರುವ ಗುಳಿಗೆಯ ಹೆಸರು ನನಗೆ ಗೊತ್ತಿಲ್ಲ ಎನ್ನುವುದು ನನಗೇ ಆಗ ಗೊತ್ತಾಯಿತು.

ಅವನು ಒಂದು ಹಾಳೆ ತೋರಿಸಿದ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಔಷಧಿಗಳನ್ನು ಈ ದೇಶಕ್ಕೆ ತರುವಂತಿಲ್ಲವಂತೆ. ಇದು ಅದೋ ಅಲ್ಲವೋ ಹೇಳಲು ಹೆಸರು ಬೇಕು. ಹೆಸರಿಲ್ಲ. ಹಾಗಾಗಿ ನಾನಾಗಿಯೇ ಬಿಟ್ಟುಕೊಡುತ್ತೇನೆ ಎಂದು ಒಂದು ಕಾಗದಕ್ಕೆ ಸಹಿ ಮಾಡಬೇಕಂತೆ. ಮಾಡಿದೆ. ಅವನು ಕವರು ಎತ್ತಿಕೊಂಡು ಸೊಂಟ ಬಗ್ಗಿಸಿ ನಮಸ್ಕರಿಸಿ ಕ್ಷಮೆ ಕೇಳಿದ. ನಮ್ಮಲ್ಲಿ ಕಸಿದುಕೊಳ್ಳುವವರು ಬೈದು ಕಸಿದುಕೊಳ್ಳುತ್ತಾರೆ. ಇಲ್ಲಿ ಕಸಿದುಕೊಂಡವನೇ ಬಗ್ಗುತ್ತಾನೆ. ಬೈದಿದ್ದರೆ ಒಳ್ಳೆಯದಿತ್ತು, ಜಗಳವಾದರೂ ಆಡಬಹುದಿತ್ತು.

ಮೂರು ದಿನ ಬಿಟ್ಟು ನಾನು ಬರೆಯಲು ಬಂದ ಪರೀಕ್ಷೆ. ಎಷ್ಟೋ ವರ್ಷಗಳಿಂದ ಆ ಗುಳಿಗೆಯಿಲ್ಲದೆ ನಾನು ಒಂದು ಪರೀಕ್ಷೆಯನ್ನೂ ಬರೆದವಳಲ್ಲ. ಹೊರಗಿನ ಬಾಗಿಲು ತೆರೆಯಿತು, ತಂಪು ಗಾಳಿ ಬಂತು, ಸಾಲಾಗಿ ಐದು ಸೀನು ಬಂದವು.

ಅದಕ್ಕೂ ಮೊದಲು, ಕೆಲಗೇರಿ

ನಾನು ಪಲ್ಲವಿ. ಧಾರವಾಡದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ. ಎಲ್ಲ ವಿಷಯ ಪಾಸು, ಗಣಿತ ಒಂದು ಬಿಟ್ಟು. ಗಣಿತ ಎರಡು ಸಲ ಹೋಗಿದೆ.

ಜಪಾನಿ ಕಲಿತದ್ದು ದಸ್ತಗೀರ ಕಾಕಾನ ಮಷಿನ್ನಿನಿಂದ. ಕಾಕಾ ನಮ್ಮ ಅಪ್ಪನ ಗೆಳೆಯ, ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮನೆ, ತಾರಿಹಾಳದಲ್ಲಿ ಸಣ್ಣ ವರ್ಕ್‌ಶಾಪ್. ಅಲ್ಲಿಗೆ ಕಬ್ಬಿಣ ಕಡೆಯುವ ಒಂದು ಹಳೆಯ ಜಪಾನಿ ಲೇಥ್ ಬಂತು. ಬಟನ್ನುಗಳ ಮೇಲೆ ಜಪಾನಿ, ಪುಸ್ತಕ ಜಪಾನಿ. ಯಾರಿಗೂ ಓದಲು ಬಾರದು. ನಾನು ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ, ಬಟನ್ನುಗಳ ಪಕ್ಕದಲ್ಲಿ ಕನ್ನಡದಲ್ಲಿ ಬರೆದು ಅಂಟಿಸುತ್ತಾ ಹೋದೆ. ಮೊದಲು ಕಲಿತ ಪದ ಮಷಿನ್ನಿನ ಮೈಮೇಲೆ ಹಳದಿ ಚೀಟಿಯಲ್ಲಿ ಎಲ್ಲ ಕಡೆ ಇದ್ದದ್ದು, 'ಚೂಯಿ'. ಎಚ್ಚರಿಕೆ ಎಂದು ಅರ್ಥ. ಎರಡು ವರ್ಷದಲ್ಲಿ ಪುಸ್ತಕ ಪೂರ್ತಿ ಓದಿದೆ. ಆಮೇಲೆ ನಿಲ್ಲಿಸಲಾಗಲಿಲ್ಲ. ನಗೋಯಾ ಹತ್ತಿರದ ಒಂದು ಊರಿನಲ್ಲಿ ಇಂಥ ಮಷಿನ್ ಕೆಲಸ ಕಲಿಸುವ ಎರಡು ವರ್ಷದ ಶಾಲೆ ಇದೆ ಎಂದು ತಿಳಿಯಿತು, ಅರ್ಜಿ ಹಾಕಿದೆ, ಮಾರ್ಚಿನಲ್ಲಿ ಬಂದು ಪರೀಕ್ಷೆ ಬರೆಯಿರಿ ಎಂದರು.

ಇನ್ನು ಮೂಗು. ನಮ್ಮ ಮನೆಯಿಂದ ಕೆಲಗೇರಿ ಕೆರೆಯ ಕಡೆಗೆ ಹೋಗುವ ದಾರಿಯ ಎರಡೂ ಬದಿ ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಕಸ, ಎದೆಮಟ್ಟ ಬೆಳೆಯುತ್ತದೆ. ಅದು ಬಿಳಿ ಹೂ ಬಿಟ್ಟಿತು ಎಂದರೆ ನನ್ನ ಕಣ್ಣು ಕೆಂಪು, ಗಂಟಲಲ್ಲಿ ತುರಿಕೆ, ಮೂಗು ನಲ್ಲಿ. ಓಣಿಯವರ ಪ್ರಕಾರ ಇದು ನೆಗಡಿ. ತಲೆಗೆ ಎಣ್ಣೆ ಹಚ್ಚದ್ದಕ್ಕೆ ಬಂದದ್ದು.

ಹತ್ತನೇ ತರಗತಿಯ ಮೊದಲ ಪರೀಕ್ಷೆಯ ದಿನ ಅವ್ವ ಅಂಗೈ ಮೇಲೆ ಮೊಸರು ಸಕ್ಕರೆ ಹಾಕಿದಳು. ತಿಂದು ಹೊಸ್ತಿಲು ದಾಟುವಾಗ ಸೀನಿದೆ. ಒಂದೇ ಸೀನು.

"ಕುಂಡ್ರು," ಎಂದಳು ಅವ್ವ. "ಒಂಟಿ ಸೀನು. ಎರಡಾಗಿದ್ರ ಚಲೋ ಇತ್ತು. ನೀರು ಕುಡದು ಹೋಗು."

ಕೂತೆ, ನೀರು ಕುಡಿದೆ, ಬಸ್ಸು ಹೋಯಿತು. ಪರೀಕ್ಷೆಗೆ ಹದಿನೈದು ನಿಮಿಷ ತಡ. ಅವ್ವ ಅವತ್ತು ಸಂಜೆಯೇ ಬಸಣ್ಣನ ಅಂಗಡಿಗೆ ಹೋಗಿ ಬಂದಳು. ಮರುದಿನದಿಂದ ಮೊಸರು ಸಕ್ಕರೆಯ ನಡುವೆ ಒಂದು ಬಿಳಿ ಗುಳಿಗೆ. ಹೊಸ್ತಿಲಲ್ಲಿ ಸೀನು ಬಂದ್. ಅವತ್ತಿನಿಂದ ಪ್ರತಿ ಪರೀಕ್ಷೆಗೂ ಅದೇ ಕ್ರಮ. ಗಣಿತದಂಥ ದೊಡ್ಡ ಪರೀಕ್ಷೆಗೆ ಎರಡು ಗುಳಿಗೆ, ದೇವರಿಗೆ ಎರಡು ಊದುಬತ್ತಿ ಹಚ್ಚಿದ ಹಾಗೆ.

ಮತ್ಸುದಾ ಅವರ ಬಾಗಿಲು

ಶಾಲೆಯವರು ಉಳಿಯಲು ತೋರಿಸಿದ್ದು ಮತ್ಸುದಾ ಎಂಬ ಅಜ್ಜಿಯ ಮನೆ. ಎಪ್ಪತ್ತು ದಾಟಿರಬೇಕು, ಮೂರು ಕೋಣೆ ಬಾಡಿಗೆಗೆ ಕೊಡುತ್ತಾರೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಪಾನೀಯರ ಮಾತಿನ ಕೊನೆಕೊನೆಗೆ ಗೌರವದ ಬಾಲ ಇರುತ್ತದೆ, ನಮ್ಮ 'ರೀ' ಇದ್ದ ಹಾಗೆ. ನನ್ನ ತಲೆಯೊಳಗೆ ಅದು ಧಾರವಾಡ ಕನ್ನಡವಾಗಿಯೇ ಇಳಿಯುತ್ತದೆ. ಹಾಗೇ ಬರೆಯುತ್ತೇನೆ.

ಬಾಗಿಲು ತೆರೆದ ಅಜ್ಜಿ ನನ್ನ ಮುಖ ನೋಡಿದರು, ಕೋಟು ನೋಡಿದರು, ಎರಡೂ ಕೈ ಅಡ್ಡ ಹಿಡಿದರು.

"ನಿಲ್ರಿ, ಅಲ್ಲೇ ನಿಲ್ರಿ. ಒಳಗ ಬರಬ್ಯಾಡ್ರಿ."

ನಮ್ಮ ಓಣಿಯಲ್ಲಿ ಒಬ್ಬ ಮಡಿ ಅಜ್ಜಿ ಇದ್ದರು, ಅವರ ಕಟ್ಟೆ ಮುಟ್ಟಿದರೆ ನೀರು ಸುರಿಯುತ್ತಿದ್ದರು. ಇಷ್ಟು ದೂರ ಹಾರಿ ಬಂದು ಮತ್ತೆ ಅದೇ ಕಟ್ಟೆಯೇ ಎಂದುಕೊಂಡೆ. ಅಜ್ಜಿ ಒಳಗಿಂದ ಉದ್ದ ಹಿಡಿಕೆಯ ಬ್ರಷ್ ತಂದು ನನ್ನ ಕೋಟಿನ ಭುಜ, ಬೆನ್ನು, ತೋಳು ಎಲ್ಲ ಮೇಲಿಂದ ಕೆಳಗೆ ಗುಡಿಸಿದರು. ಆಮೇಲೆ ಕೂದಲು ಒರೆಸಿದರು. ಬಚ್ಚಲು ತೋರಿಸಿ ಮುಖ ತೊಳೆಯಿರಿ ಎಂದರು.

"ನಾನು ಏನರ ಮುಟ್ಟಬಾರದ್ದು ಮುಟ್ಟಿದ್ನೇನ್ರಿ?"

"ಸುಗಿ ನಿಮ್ಮನ್ನ ಮುಟ್ಟೇತ್ರಿ," ಎಂದರು ಅಜ್ಜಿ, ಗುಡ್ಡದ ಕಡೆ ಬೆರಳು ತೋರಿಸಿ.

ಸುಗಿ ಎಂದರೆ ಅಲ್ಲಿಯ ದೇವದಾರು ಜಾತಿಯ ಮರ. ಗುಡ್ಡದ ತುಂಬ ಅದೇ. ಮಾರ್ಚಿನಲ್ಲಿ ಅದರ ಹಳದಿ ಪರಾಗ ಊರ ಮೇಲೆ ಇಳಿಯುತ್ತದೆ. ಸಂಜೆ ಟಿವಿಯಲ್ಲಿ ಹವಾಮಾನ ಬಂತು. ಮಳೆ ಆಯಿತು, ಗಾಳಿ ಆಯಿತು, ಆಮೇಲೆ ಇಡೀ ದೇಶದ ನಕ್ಷೆ ಬಂತು, ನಾಳೆ ಎಲ್ಲೆಲ್ಲಿ ಎಷ್ಟು ಪರಾಗ ಎಂದು. ನಾವಿದ್ದ ಜಾಗ ಕಡುಗೆಂಪು. ಸೀರೆಯುಟ್ಟ ನಮ್ಮ ವಾರ್ತೆಯವಳು "ಧಾರವಾಡದಾಗ ನಾಳೆ ಕಾಂಗ್ರೆಸ್ ಕಸ ಜೋರ ಇರತೈತಿ, ಮೂಗು ಮುಚ್ಕೊಂಡ್ ಅಡ್ಡಾಡ್ರಿ" ಎಂದು ಹೇಳಿದರೆ ಹೇಗಿರುತ್ತದೋ ಹಾಗೆ. ನಾನು ಬಾಯಿ ಬಿಟ್ಟುಕೊಂಡು ಕೂತೆ. ಓಣಿಯಲ್ಲಿ ನನ್ನೊಬ್ಬಳ ಹುಚ್ಚು ಎನಿಸಿಕೊಂಡದ್ದಕ್ಕೆ ಇಲ್ಲಿ ನಕ್ಷೆ ಇದೆ.

ಮರುದಿನ ಹೊರಗೆ ಹೋದರೆ ರಸ್ತೆಯ ತುಂಬ ಮಾಸ್ಕು. ಸ್ಟೇಷನ್ ಮುಂದೆ ಒಬ್ಬಳು ಬಂದವರಿಗೆಲ್ಲ ಸಣ್ಣ ಟಿಶ್ಯೂ ಪೊಟ್ಟಣ ಪುಕ್ಕಟೆ ಹಂಚುತ್ತಿದ್ದಳು, ಹಿಂದೆ ಯಾವುದೋ ಅಂಗಡಿಯ ಜಾಹೀರಾತು. ನಾನು ಎದುರಿನಿಂದ ನಾಲ್ಕು ಸಲ ಹಾದುಹೋದೆ, ನಾಲ್ಕು ಸಲವೂ ಕೊಟ್ಟಳು. ಅದರಿಂದಲೇ ಒಂದನ್ನು ತೆಗೆದು ಅಲ್ಲೇ ನಿಂತು ನಮ್ಮ ಪದ್ಧತಿಯಲ್ಲಿ ಜೋರಾಗಿ ಮೂಗು ಸೀಟಿದೆ. ಸುತ್ತಲಿನವರು ದೃಷ್ಟಿ ಬೇರೆ ಕಡೆ ತಿರುಗಿಸಿದರು. ಮೂಗು ಎಳೆದುಕೊಳ್ಳುತ್ತಾ ಇದ್ದರೆ ಯಾರಿಗೂ ಬೇಜಾರಿಲ್ಲ, ಎದುರಿಗೆ ಸೀಟಿದರೆ ಅಸಹ್ಯ ಎಂದು ಅಜ್ಜಿ ಆಮೇಲೆ ಹೇಳಿದರು. ನಾನು ಚಿಕ್ಕವಳಿದ್ದಾಗ ಮೂಗು ಎಳೆದುಕೊಂಡದ್ದಕ್ಕೆ ತಿಂದ ಪೆಟ್ಟುಗಳೆಲ್ಲ ನೆನಪಾದವು.

ಔಷಧದ ಅಂಗಡಿ

ಮಧ್ಯಾಹ್ನದ ಹೊತ್ತಿಗೆ ಕಣ್ಣು ಮುಚ್ಚಿಹೋಗುವಷ್ಟು ಊದಿದ್ದವು. ಅಜ್ಜಿಯೇ ಕೈಹಿಡಿದು ಔಷಧದ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಬಿಳಿ ಕೋಟಿನ, ಕನ್ನಡಕದ ಒಬ್ಬ ಹೆಂಗಸು. ಔಷಧಿ ಕೊಡುವ ಮೊದಲು ಅವರು ಕೇಳಿದ ಪ್ರಶ್ನೆಗಳು ನನ್ನ ವೀಸಾ ಸಂದರ್ಶನಕ್ಕಿಂತ ಹೆಚ್ಚು. ವಯಸ್ಸು, ಬೇರೆ ಕಾಯಿಲೆ, ಬೇರೆ ಗುಳಿಗೆ. ಊರಿನಲ್ಲಿ ಏನು ತೆಗೆದುಕೊಳ್ಳುತ್ತಿದ್ದಿರಿ?

"ಬಿಳೀದು," ಎಂದೆ. "ಸಣ್ಣದು."

ನಾನು ಅಲ್ಲೇ ಬಸಣ್ಣನಿಗೆ ವಿಡಿಯೋ ಕಾಲ್ ಮಾಡಿದೆ. ಕೆಲಗೇರಿಯಲ್ಲಿ ಆಗ ಅಂಗಡಿ ತೆರೆಯುವ ಹೊತ್ತು, ಅವನು ಊದುಬತ್ತಿ ಹಿಡಿದೇ ಫೋನ್ ಎತ್ತಿದ.

"ಏನವಾ ಪಲ್ಲವಿ, ಜಪಾನ್‌ದಾಗೂ ನನ್ನ ಅಂಗಡೀನ ಬೇಕಾತೇನು?"

"ಬಸಣ್ಣಾ, ನನಗ ಪರೀಕ್ಷಿಗೆ ಕೊಡ್ತಿದ್ರಲ್ಲ ಬಿಳಿ ಗುಳಿಗಿ, ಅದರ ಹೆಸರು ತೋರಸ್ರಿ."

"ಹೆಸರು ತಗೊಂಡ್ ಏನ್ ಮಾಡ್ತಿ? ಅದಾ ಗುಳಿಗಿ ಅದಾ. ನಿಮ್ಮವ್ವಗ ಗೊತ್ತೈತಿ."

"ಡಬ್ಬಿ ತೋರಸ್ರಿ ಬಸಣ್ಣಾ, ಇಲ್ಲಿ ಡಾಕ್ಟರ್‌ಗತೆ ಒಬ್ಬರು ನಿಂತಾರ."

ಡಬ್ಬಿ ಪರದೆಯ ತುಂಬ ಬಂತು. ಬಿಳಿ ಕೋಟಿನವರು ಬಗ್ಗಿ ಓದಿದರು. ಇದು ತಮ್ಮಲ್ಲೂ ಇದೆ, ಬಹಳ ಹಳೆಯ ಔಷಧಿ, ಕೆಟ್ಟದ್ದೇನಲ್ಲ ಎಂದರು. ಆಮೇಲೆ ಯಾವಾಗ ತೆಗೆದುಕೊಳ್ಳುತ್ತಿದ್ದಿರಿ ಎಂದು ಕೇಳಿದರು.

"ಪರೀಕ್ಷಿ ದಿನ ಮುಂಜಾನೆ. ಗಣಿತಕ್ಕ ಎರಡು."

ಅವರು ಕನ್ನಡಕ ತೆಗೆದರು.

"ಎರಡು ತಗೊಂಡು ಗಣಿತ ಬರದ್ರೇನ್ರಿ?"

"ಹೌದ್ರಿ."

"ನಿದ್ದಿ ಬರ್ತಿದ್ದಿಲ್ಲೇನ್ರಿ?"

ಬರುತ್ತಿತ್ತು. ಮೊದಲ ಅರ್ಧ ತಾಸು ಸರಿ ಇರುತ್ತಿದ್ದೆ. ಆಮೇಲೆ ತಲೆಯೊಳಗೆ ಒದ್ದೆ ಹತ್ತಿ ತುರುಕಿದ ಹಾಗೆ. ಗೊತ್ತಿದ್ದ ಸೂತ್ರ ಎದುರಿಗೇ ಇರುತ್ತಿತ್ತು, ಕೈ ಚಾಚಿದರೆ ಸಿಗುತ್ತಿರಲಿಲ್ಲ. ಒಂದೇ ಸಾಲನ್ನು ಆರು ಸಲ ಓದುತ್ತಿದ್ದೆ. ಎರಡನೇ ಸಲ ಫೇಲಾದಾಗ ನಮ್ಮ ಸರ್ ಕರೆದು ನಿನ್ನ ತಲೆಗೆ ಗಣಿತ ಹತ್ತುವುದಿಲ್ಲ ಎಂದಿದ್ದರು. ನಾನೂ ನಂಬಿದ್ದೆ. ಮನೆಯಲ್ಲಿ ಮಾಡುವಾಗ ಬರುವ ಲೆಕ್ಕ ಹಾಲ್‌ನಲ್ಲಿ ಬಾರದಿದ್ದರೆ ಬೇರೆ ಏನು ನಂಬುವುದು?

ಫೋನಿನಲ್ಲಿ ಬಸಣ್ಣ ಇನ್ನೂ ಇದ್ದ. ಅವನಿಗೆ ಜಪಾನಿ ತಿಳಿಯದು, ನನ್ನ ಮುಖ ತಿಳಿಯಿತು.

"ಯಾಕವಾ? ಏನಂತಾರ?"

"ಅದು ನಿದ್ದಿ ತರ್ತೈತಂತ, ಬಸಣ್ಣಾ."

ಅವನು ಡಬ್ಬಿ ತಿರುಗಿಸಿ ಕಣ್ಣ ಹತ್ತಿರ ಹಿಡಿದುಕೊಂಡ.

"ಬರದಾರವಾ ಇಲ್ಲಿ. ಸಣ್ಣ ಅಕ್ಷರದಾಗ ಬರದಾರ. ಆದ್ರ ಡಬ್ಬಿ ಯಾರ್ ಓದ್ತಾರ? ನಾ ಕತ್ತರಿಸಿ ಕೊಡಾಂವ, ನೀವು ನುಂಗಾವ್ರು."

ಬಿಳಿ ಕೋಟಿನವರು ಬೇರೊಂದು ಡಬ್ಬಿ ತೆಗೆದು ಮುಂದೆ ಇಟ್ಟರು. ಇದಕ್ಕೆ ನಿದ್ದೆ ಕಡಿಮೆ, ಆದರೆ ಎಲ್ಲರ ಮೈ ಒಂದೇ ಅಲ್ಲ. ಇವತ್ತು ಸಂಜೆಯೇ ತೆಗೆದುಕೊಂಡು ನಾಳೆ ಹೇಗಿರುತ್ತೀರಿ ನೋಡಿ. ಹೊಸ ಗುಳಿಗೆಯನ್ನು ಮೊದಲ ಸಲ ಪರೀಕ್ಷೆಯ ದಿನ ಮಾತ್ರ ನುಂಗಬೇಡಿ. ಮುಂದಿನ ವರ್ಷ ಸೀನು ಶುರುವಾಗುವ ಮೊದಲೇ ಡಾಕ್ಟರರನ್ನು ಕೇಳಿ. ಇಷ್ಟು ಹೇಳಿ ಹಳೆಯ ಗುಳಿಗೆಯ ತಮ್ಮ ದೇಶದ ಡಬ್ಬಿಯನ್ನೂ ತೋರಿಸಿದರು. ಅದರ ಮೇಲೆ ಕೆಂಪು ಚೌಕದಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಎರಡು ಅಕ್ಷರ. ಚೂಯಿ. ಕೆಳಗೆ, ಇದನ್ನು ತೆಗೆದುಕೊಂಡು ವಾಹನ ಓಡಿಸಬೇಡಿ, ಯಂತ್ರದ ಮುಂದೆ ನಿಲ್ಲಬೇಡಿ.

ಯಂತ್ರದ ಮುಂದೆ. ಪರೀಕ್ಷೆ ಮುಗಿಸಿ ನಾನು ಸೀದಾ ತಾರಿಹಾಳಕ್ಕೆ, ಕಾಕಾನ ಲೇಥಿನ ಕೆಲಸಕ್ಕೆ ಹೋಗುತ್ತಿದ್ದೆ. ಹೊರಗೆ ಬಂದು ಕಾಕಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹಿಂದೆ ಲೇಥಿನ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಅದನ್ನ ನುಂಗಿ ನನ್ನ ಮಷಿನ್ ಮುಂದ ನಿಂತಿದ್ದಿ ಏನವಾ?" ಎಂದ ಕಾಕಾ.

"ಗೊತ್ತಿದ್ದಿಲ್ಲ ಕಾಕಾ."

"ಯಾ ಅಲ್ಲಾ. ಕಣ್ಣು ತೆರದು ನಿಂದ್ರು ಅಂತ ನಾ ಬೈತಿದ್ದೆ. ರಾತ್ರಿ ಮೊಬೈಲ್ ನೋಡ್ತಾಳ ಅಂತ ತಿಳಕೊಂಡಿದ್ದೆ."

"ಅವ್ವಗ ಹೇಳಬ್ಯಾಡ್ರಿ ಕಾಕಾ."

"ನಾ ಹೇಳಂಗಿಲ್ಲ. ನೀನಾ ಹೇಳು. ಫೋನಿನ್ಯಾಗ ಬ್ಯಾಡ, ಎದುರಿಗೆ ಕುಂತು ಹೇಳು."

ಪರೀಕ್ಷೆಯ ದಿನ

ಸಂಜೆ ಹೊಸ ಗುಳಿಗೆ ನುಂಗಿ ಮರುದಿನವೆಲ್ಲ ನನ್ನನ್ನೇ ಕಾವಲು ಕಾದೆ. ಸೀನು ಪೂರ್ತಿ ನಿಲ್ಲಲಿಲ್ಲ, ಅರ್ಧಕ್ಕೆ ಇಳಿಯಿತು. ತಲೆಯೊಳಗೆ ಹತ್ತಿ ತುಂಬಲಿಲ್ಲ.

ಪರೀಕ್ಷೆಯ ಮುಂಜಾನೆ ಅಜ್ಜಿ ಒಂದು ವಿದ್ಯೆ ಹೇಳಿಕೊಟ್ಟರು. ಟಿಶ್ಯೂ ಹರಿದು ಬತ್ತಿ ಹೊಸೆದು ಮೂಗಿಗೆ ತುರುಕಿ, ಮೇಲೆ ಮಾಸ್ಕು ಹಾಕುವುದು. ನಮ್ಮ ಅಜ್ಜಿಯಂದಿರು ದೀಪಕ್ಕೆ ಹೊಸೆಯುವ ಹೂಬತ್ತಿಯ ಹಾಗೇ. ನನಗೆ ಹೊಸೆಯುವುದು ಗೊತ್ತಿತ್ತು, ಒಂದು ಡಜನ್ ಮಾಡಿಕೊಂಡೆ. ನನ್ನ ವೇಗ ನೋಡಿ ಅಜ್ಜಿ ದಂಗಾದರು. ಅಲ್ಲಿಗೆ ಬಂದು ನಾನು ಯಾರನ್ನಾದರೂ ಬೆರಗುಗೊಳಿಸಿದ್ದು ಅದೊಂದೇ ವಿಷಯದಲ್ಲಿ.

ಹಾಲ್‌ನ ನಿಯಮಗಳನ್ನು ಕೇಳಿ. ಮಾಸ್ಕಿನ ಮೇಲೆ ಅಕ್ಷರ ಇರಬಾರದು. ಫೋಟೋ ನೋಡುವಾಗ ಒಮ್ಮೆ ಇಳಿಸಬೇಕು. ನಾನು ಇಳಿಸಿದೆ, ಬತ್ತಿಗಳು ಕಂಡವು, ಮೇಲ್ವಿಚಾರಕರು ಕಣ್ಣೂ ಮಿಟುಕಿಸದೆ ಧನ್ಯವಾದ ಹೇಳಿದರು. ಟಿಶ್ಯೂ ಇಟ್ಟುಕೊಳ್ಳಬಹುದು, ಆದರೆ ಪೊಟ್ಟಣದಿಂದ ತೆಗೆದು ಬರೀ ಹಾಳೆ. ಕೆಳಗೆ ಏನಾದರೂ ಬಿದ್ದರೆ ಬಗ್ಗಬಾರದು, ಕೈ ಎತ್ತಬೇಕು. ನನ್ನ ರಬ್ಬರು ಬಿತ್ತು. ನಮ್ಮ ರೂಢಿಯಂತೆ ಬಗ್ಗಿದೆ. ಇಬ್ಬರು ಮೇಲ್ವಿಚಾರಕರು ಎರಡು ಕಡೆಯಿಂದ ಧಾವಿಸಿದರು, ಒಬ್ಬರು ರಬ್ಬರನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಎತ್ತಿ ಕೊಟ್ಟರು.

ಗಣಿತದ ಭಾಗ ಶುರುವಾಯಿತು. ಅರ್ಧ ತಾಸು ದಾಟಿತು. ನಾನು ಬರೆಯುತ್ತಲೇ ತಲೆಯೊಳಗೆ ಹತ್ತಿ ಯಾವಾಗ ತುಂಬುತ್ತದೋ ಎಂದು ಕಾಯುತ್ತಿದ್ದೆ. ಒಂದು ತಾಸು. ಸೂತ್ರ ಎದುರಿಗಿತ್ತು, ಕೈ ಚಾಚಿದೆ, ಸಿಕ್ಕಿತು. ಇನ್ನೊಂದು. ಅದೂ ಸಿಕ್ಕಿತು. ಒಂದು ಸಾಲನ್ನು ಒಮ್ಮೆ ಓದಿದರೆ ಅರ್ಥವಾಗುತ್ತಿತ್ತು. ಉಳಿದವರಿಗೆ ಪರೀಕ್ಷೆ ಎಂದರೆ ಪ್ರತಿ ಸಲ ಹೀಗೇ ಇರುತ್ತಿತ್ತೇ? ಕಣ್ಣಿನಿಂದ ನೀರು ಇಳಿಯತೊಡಗಿತು. ಯಾರೂ ಕೇಳಲಿಲ್ಲ. ಆ ಹಾಲ್‌ನಲ್ಲಿ ಅರ್ಧ ಜನರ ಕಣ್ಣಿನಲ್ಲಿ ನೀರಿತ್ತು.

ಬಿಡುವಿನಲ್ಲಿ ಎಲ್ಲರೂ ನೀರು ಕುಡಿಯಲು ಮಾಸ್ಕು ಇಳಿಸಿದರು. ನನ್ನ ಸಾಲಿನಲ್ಲಿ ಇನ್ನೂ ಮೂವರ ಮೂಗಿನಲ್ಲಿ ಬತ್ತಿ. ನಾವು ನಾಲ್ವರೂ ಒಬ್ಬರನ್ನೊಬ್ಬರು ನೋಡಿ, ತಲೆ ಬಗ್ಗಿಸಿ, ಬಾಟಲಿ ಎತ್ತಿದೆವು.

ಮತ್ತೆ ಕೆಲಗೇರಿ

ಊರಿಗೆ ಬಂದ ಎರಡನೇ ವಾರ ಶಾಲೆಯಿಂದ ಪತ್ರ ಬಂತು. ಪಾಸು. ಅಕ್ಟೋಬರಿಗೆ ತರಗತಿ, ಆದರೆ ಅದರೊಳಗೆ ಡಿಪ್ಲೊಮಾ ಪ್ರಮಾಣಪತ್ರ ಕಳಿಸಬೇಕು. ಅಂದರೆ ಉಳಿದ ಗಣಿತ ಈ ಸಲ ಆಗಲೇಬೇಕು. ಇಲ್ಲವೆಂದರೆ ಅಲ್ಲಿಯದೂ ಹೋಯಿತು.

ಒಂದು ಮಧ್ಯಾಹ್ನ ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಎದುರಿಗೆ ಕೂತು ಹೇಳಿದೆ. ಪೂರ್ತಿ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಸೊಪ್ಪೆಲ್ಲ ಮುಗಿದ ಮೇಲೆ ಬರೀ ಕಡ್ಡಿಗಳನ್ನು ಬಿಡಿಸುತ್ತಿದ್ದಳು.

"ಅಂದ್ರ ನಿನ್ನ ಫೇಲ್ ಮಾಡಿದಾಕಿ ನಾನ ಅಂದಂಗಾತು," ಎಂದಳು.

"ಯಾರಿಗೂ ಗೊತ್ತಿದ್ದಿಲ್ಲವಾ."

"ಸೀನು ಬರಬಾರದಂತ ಕೊಟ್ಟೆ. ಬಾಗಲದಾಗ ಸೀನಿದ್ರ ಕೆಲಸ ಕೆಡ್ತೈತಿ ಅಂತ ಕೊಟ್ಟೆ."

ಕಡ್ಡಿಗಳನ್ನು ಅವಳ ಕೈಯಿಂದ ತೆಗೆದುಕೊಂಡು ಹೊರಗೆ ಚೆಲ್ಲಿ ಬಂದೆ. ಆಮೇಲೆ ಡಾಕ್ಟರರ ಹತ್ತಿರ ಇಬ್ಬರೂ ಹೋದೆವು. ಹೊಸ ಗುಳಿಗೆ ಬರೆಸಿಕೊಂಡು, ಪರೀಕ್ಷೆಗೆ ಹದಿನೈದು ದಿನ ಮೊದಲೇ ಶುರು ಮಾಡಿದೆ. ಮತ್ಸುದಾ ಅಜ್ಜಿಯ ಹಾಗೆ ಅವ್ವ ಬಾಗಿಲಲ್ಲಿ ಒಂದು ಬ್ರಷ್ ತೂಗುಹಾಕಿದ್ದಾಳೆ, ಬಂದವರನ್ನೆಲ್ಲ ಗುಡಿಸುತ್ತಾಳೆ. ಬಸಣ್ಣ ಈಗ ಗುಳಿಗೆಯನ್ನು ಡಬ್ಬಿ ಸಮೇತ ಕೊಡುತ್ತಾನೆ, ನನಗೊಬ್ಬಳಿಗೆ ಮಾತ್ರ. ಉಳಿದವರಿಗೆ ಇನ್ನೂ ಕತ್ತರಿಯೇ. ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತಿದ್ದೇನೆ.

ಗಣಿತ ಮೊನ್ನೆ ಆಯಿತು. ಫಲಿತಾಂಶ ಇನ್ನೂ ಬಂದಿಲ್ಲ. ಮೂರೂ ತಾಸು ಎಚ್ಚರವಾಗಿದ್ದೆ, ಎಲ್ಲ ಪ್ರಶ್ನೆ ಮುಟ್ಟಿದ್ದೇನೆ, ಅಷ್ಟು ಮಾತ್ರ ಹೇಳಬಲ್ಲೆ.

ಅವತ್ತು ಮುಂಜಾನೆ ಅವ್ವ ಅಂಗೈ ಮೇಲೆ ಮೊಸರು ಸಕ್ಕರೆ ಹಾಕಿದಳು. ನಡುವೆ ಏನೂ ಇರಲಿಲ್ಲ. ಅವಳು ನೋಡಿದಳು, ನಾನೂ ನೋಡಿದೆ. ತಿಂದು, ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲಿಗೆ ಕಾಲಿಟ್ಟೆ. ಕೆರೆಯ ಕಡೆಯಿಂದ ಗಾಳಿ ಬಂತು.

ಸೀನಿದೆ. ಒಂದೇ.

ಕಾಲು ಅಲ್ಲೇ ನಿಂತಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಹಿಂದೆ ಅವ್ವ ಉಸಿರು ಎಳೆದುಕೊಂಡದ್ದು ಕೇಳಿಸಿತು. ಇನ್ನೇನು ಕುಂಡ್ರು ಎನ್ನುತ್ತಾಳೆ, ನೀರು ತರುತ್ತಾಳೆ, ಬಸ್ಸು ಹೋಗುತ್ತದೆ.

"ಹಾಕ್ಷೀ," ಎಂದಳು ಅವ್ವ.

ತಿರುಗಿದೆ. ಅವಳ ಮೂಗು ಒಣಗಿತ್ತು. ಸೆರಗಿನಿಂದ ಸುಮ್ಮನೆ ಒರೆಸಿಕೊಂಡಳು.

"ಎರಡಾದ್ವು," ಎಂದಳು. "ನಡಿ ಲಗೂ, ಬಸ್ ಬರ್ತೈತಿ."